ಹುಡುಗ ಹಕ್ಕಿಯಲ್ಲ

ಕೆಲವು ತಿಂಗಳ ಹಿಂದೆ ಒಂದು ಕಾಲೇಜಿನ ಸಾಹಿತ್ಯ ಗೋಷ್ಠಿಗೆ ನಮ್ಮನ್ನು ಕರೆದಿದ್ದರು. ಅಮೆರಿಕದ ಲೇಖಕಿ ಡೊನ್ನಾ ಟಾರ್ಟ್ ಅವರ ‘ದಿ ಗೋಲ್ಡ್‌ಫಿಂಚ್’ ಕಾದಂಬರಿಯ ಮೇಲೆ ಚರ್ಚೆ. ವೇದಿಕೆಯ ಹಿಂದಿನ ಪರದೆಯ ಮೇಲೆ ಒಂದು ಹಳೆಯ ಡಚ್ ವರ್ಣಚಿತ್ರ ಮೂಡಿತು. ಒಂದು ಗೋಡೆ, ಒಂದು ಪೆಟ್ಟಿಗೆ, ಒಂದು ಹಕ್ಕಿ, ಒಂದು ಸರಪಳಿ. ಉಪನ್ಯಾಸಕರು ಕೋಲು ಹಿಡಿದು ಒಂದೊಂದನ್ನೇ ತೋರಿಸುತ್ತ ಹೋದರು. ಹಕ್ಕಿ ಎಂದರೆ ಕಥಾನಾಯಕ. ಸರಪಳಿ ಎಂದರೆ ತಾಯಿಯ ಸಾವಿನ ದುಃಖ. ಗೋಡೆ ಎಂದರೆ ನಿರ್ದಯ ಜಗತ್ತು. ಇಡೀ ಚಿತ್ರ ಎಂದರೆ ತೀರಿಹೋದ ತಾಯಿ. ವಿದ್ಯಾರ್ಥಿಗಳು ತಲೆ ಎತ್ತದೆ ಬರೆದುಕೊಂಡರು. ಏಳುನೂರು ಪುಟಗಳನ್ನು ಮೀರಿದ ಕಾದಂಬರಿ ಹತ್ತು ನಿಮಿಷದಲ್ಲಿ ಮುಗಿದುಹೋಯಿತು.

ಅಂದು ನಮ್ಮ ಸರದಿ ಬಂದಾಗ ನಾವು ಹೇಳಿದ ಮಾತು ಕೆಲವರಿಗೆ ಹಿಡಿಸಲಿಲ್ಲ. ಅತಿಥಿಯಾಗಿ ಬಂದವರು ಆತಿಥೇಯರ ಪಾಠವನ್ನೇ ತಪ್ಪೆನ್ನಬಾರದಿತ್ತು ಎಂದು ಊಟದ ಹೊತ್ತಿಗೆ ಒಬ್ಬರು ಮೆಲ್ಲಗೆ ಹೇಳಿದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಆದರೆ ವೇದಿಕೆಯಲ್ಲಿ ಅರ್ಧಕ್ಕೇ ಬಿಟ್ಟ ವಾದ ಮನೆಗೆ ಬಂದ ಮೇಲೂ ನಮ್ಮನ್ನು ಬಿಡಲಿಲ್ಲ. ಅದನ್ನು ಇಲ್ಲಿ ಪೂರ್ತಿಯಾಗಿ ಹೇಳಿಬಿಡುತ್ತೇವೆ. ಜಗಳ ಆ ಉಪನ್ಯಾಸಕರೊಂದಿಗಲ್ಲ. ಇದು ಅವರೊಬ್ಬರ ಓದಲ್ಲ, ಎಲ್ಲ ಕಡೆ ರೂಢಿಗೆ ಬಿದ್ದಿರುವ ಓದು. ಒಂದು ಕಾದಂಬರಿಯೊಳಗೆ ಒಂದು ಚಿತ್ರ ಸಿಕ್ಕರೆ ಸಾಕು, ಅದನ್ನು ಬೀಗದ ಕೈಯೆಂದು ತಿಳಿದು ಕಾದಂಬರಿಯ ಬಾಗಿಲಿಗೆ ತೂರಿಸುವುದು. ಬಾಗಿಲು ತೆರೆಯಿತೆಂದು ಸಂತೋಷಪಡುವುದು. ಒಳಗೆ ಹೋಗುವುದನ್ನು ಮಾತ್ರ ಮರೆತುಬಿಡುವುದು.

ಮೊದಲು ಕಥೆಯನ್ನು ನೆನಪಿಸಿಕೊಳ್ಳೋಣ. 2013ರಲ್ಲಿ ಪ್ರಕಟವಾಗಿ 2014ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಈ ಕಾದಂಬರಿಯ ನಾಯಕ ಥಿಯೋ ಡೆಕರ್ ಎಂಬ ಹದಿಮೂರರ ಹುಡುಗ. ಶಾಲೆಯಲ್ಲಿ ಏನೋ ತಂಟೆ ಮಾಡಿಕೊಂಡಿದ್ದಾನೆ. ಶಾಲೆಯವರು ತಾಯಿಯನ್ನು ಕರೆಸಿದ್ದಾರೆ. ದಾರಿಯಲ್ಲಿ ಮಳೆ ಬಂದು ತಾಯಿ ಮಗ ಇಬ್ಬರೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದೊಳಗೆ ಹೋಗುತ್ತಾರೆ. ಡಚ್ ಚಿತ್ರಗಳ ಪ್ರದರ್ಶನ ನಡೆದಿದೆ. ತಾಯಿ ತನಗೆ ಬಲು ಇಷ್ಟವಾದ ಪುಟ್ಟ ಹಕ್ಕಿಯ ಚಿತ್ರವನ್ನು ಮಗನಿಗೆ ತೋರಿಸುತ್ತಾಳೆ. ಆಮೇಲೆ ರೆಂಬ್ರಾಂಟನ ಚಿತ್ರವನ್ನು ಇನ್ನೊಮ್ಮೆ ನೋಡಿ ಬರುತ್ತೇನೆಂದು ಹೋಗುತ್ತಾಳೆ. ಹುಡುಗ ಅಲ್ಲಿ ಕಂಡ ಒಬ್ಬಳು ಕೆಂಗೂದಲ ಹುಡುಗಿಯ ಮೇಲೆ ಕಣ್ಣು ನೆಟ್ಟು ಹಿಂದೆ ಉಳಿಯುತ್ತಾನೆ. ಅಷ್ಟರಲ್ಲಿ ಬಾಂಬ್ ಸಿಡಿಯುತ್ತದೆ. ತಾಯಿ ಸಾಯುತ್ತಾಳೆ. ಧೂಳಿನಲ್ಲಿ ಸಾಯುತ್ತ ಬಿದ್ದಿದ್ದ ವೆಲ್ಟಿ ಎಂಬ ಮುದುಕ ಹುಡುಗನ ಕೈಗೆ ಒಂದು ಉಂಗುರ ಕೊಟ್ಟು, ಗೋಡೆಯಿಂದ ಕಳಚಿ ಬಿದ್ದಿದ್ದ ಆ ಚಿತ್ರವನ್ನು ತೆಗೆದುಕೊಂಡು ಹೋಗುವಂತೆ ಹೇಳುತ್ತಾನೆ. ಹುಡುಗ ಅದನ್ನು ಹೊತ್ತು ಹೊರಬರುತ್ತಾನೆ. ಯಾರಿಗೂ ಹೇಳುವುದಿಲ್ಲ.

ಇಲ್ಲಿಂದ ಮುಂದೆ ಆ ಚಿತ್ರ ಹುಡುಗನ ಜೊತೆಗೇ ಬೆಳೆಯುತ್ತದೆ. ಶ್ರೀಮಂತ ಬಾರ್ಬರ್ ಕುಟುಂಬದ ಮನೆ, ಲಾಸ್ ವೇಗಾಸಿನಲ್ಲಿ ಕುಡುಕ ತಂದೆಯ ಮನೆ, ತಂದೆ ಸತ್ತ ಮೇಲೆ ಮತ್ತೆ ನ್ಯೂಯಾರ್ಕಿನಲ್ಲಿ ಹಳೆಯ ಪೀಠೋಪಕರಣ ದುರಸ್ತಿ ಮಾಡುವ ಹೋಬಿಯ ಮನೆ. ಹುಡುಗ ಯುವಕನಾಗುತ್ತಾನೆ, ಅಮಲಿನ ಚಟಕ್ಕೆ ಬೀಳುತ್ತಾನೆ, ಹೊಸ ಮರದ ತುಂಡು ಸೇರಿಸಿದ ಪೀಠೋಪಕರಣಗಳನ್ನು ಅಪ್ಪಟ ಪುರಾತನ ವಸ್ತುಗಳೆಂದು ಮಾರುತ್ತಾನೆ. ಕೊನೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಆ ಚಿತ್ರಕ್ಕಾಗಿ ಒಬ್ಬನನ್ನು ಕೊಲ್ಲುತ್ತಾನೆ ಕೂಡ. ಬಾಲ್ಯ ಕಳೆದು ಪ್ರಾಯಕ್ಕೆ ಬರುವ ಕಥೆಗಳ ಸಾಲಿಗೆ ಸೇರಿದ ಕಾದಂಬರಿ ಇದು.

ಈಗ ಚಿತ್ರಕ್ಕೆ ಬರೋಣ. ಗೋಷ್ಠಿಯಲ್ಲಿ ಪರದೆ ತುಂಬ ದೊಡ್ಡದಾಗಿ ಕಂಡ ಈ ಚಿತ್ರ ನಿಜದಲ್ಲಿ ಇರುವುದು 33.5 ಸೆಂಟಿಮೀಟರ್ ಎತ್ತರ, 22.8 ಸೆಂಟಿಮೀಟರ್ ಅಗಲ. ನಮ್ಮ ಈ ಪತ್ರಿಕೆಯನ್ನು ಬಿಡಿಸಿದರೆ ಅದರ ಹಿಂದೆ ಮರೆಯಾಗುವಷ್ಟು. ಮರದ ಹಲಗೆಯ ಮೇಲೆ ತೈಲವರ್ಣ. ಬರೆದವನು ಕಾರೆಲ್ ಫ್ಯಾಬ್ರಿಷಿಯಸ್, ರೆಂಬ್ರಾಂಟನ ಶಿಷ್ಯ. ಚಿತ್ರದ ಮೇಲೆಯೇ ಅವನ ಹೆಸರೂ 1654ನೆಯ ಇಸವಿಯೂ ಇದೆ. ಅದೇ ವರ್ಷ ಅಕ್ಟೋಬರ್ 12ರಂದು ಡೆಲ್ಫ್ಟ್ ನಗರದ ಮದ್ದಿನ ಉಗ್ರಾಣ ಸ್ಫೋಟಿಸಿ ಊರಿನ ದೊಡ್ಡ ಭಾಗ ನೆಲಸಮವಾಯಿತು. ಸತ್ತವರಲ್ಲಿ 32 ವರ್ಷದ ಫ್ಯಾಬ್ರಿಷಿಯಸ್ ಕೂಡ ಒಬ್ಬ. ಆ ಹೊತ್ತಿನಲ್ಲಿ ಅವನು ಊರಿನ ಹಳೆಯ ಚರ್ಚಿನ ಪರಿಚಾರಕನೊಬ್ಬನ ಭಾವಚಿತ್ರ ಬರೆಯುತ್ತಿದ್ದನಂತೆ. ಆ ಪರಿಚಾರಕನೂ ಸತ್ತ. ಅವನ ಹೆಸರು ಸಿಮೋನ್ ಡೆಕರ್. ಕಾದಂಬರಿಯ ಹುಡುಗನ ಮನೆತನದ ಹೆಸರೂ ಡೆಕರ್. ಲೇಖಕಿ ಎಷ್ಟು ಕಣ್ಣಿಟ್ಟು ಕೆಲಸ ಮಾಡಿದ್ದಾರೆ ಎಂಬುದಕ್ಕೆ ಇದೊಂದೇ ಸಾಕು. ಫ್ಯಾಬ್ರಿಷಿಯಸ್ ಬರೆದದ್ದರಲ್ಲಿ ನಮಗೆ ಉಳಿದಿರುವುದು ಹೆಚ್ಚು ಕಡಿಮೆ ಒಂದು ಡಜನ್ ಚಿತ್ರಗಳು. ಎರಡು ಶತಮಾನ ಯಾರ ಗಮನಕ್ಕೂ ಬಾರದೆ ಇದ್ದ ಈ ಹಕ್ಕಿಯನ್ನು 1859ರಲ್ಲಿ ಬ್ರಸೆಲ್ಸ್‌ನಲ್ಲಿ ಕಂಡು ಗುರುತಿಸಿದವರು ಫ್ರೆಂಚ್ ಕಲಾವಿಮರ್ಶಕ ಥೋರೆ. 1896ರಿಂದ ಅದು ಹೇಗ್ ನಗರದ ಮೌರಿತ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ.

ಹಕ್ಕಿಯ ಜಾತಿಯೂ ಮುಖ್ಯ. ಡಚ್ ಜನ ಅದನ್ನು ಕರೆಯುತ್ತಿದ್ದ ಹೆಸರಿಗೆ ‘ನೀರು ಸೇದುವ ಪುಟ್ಟ’ ಎಂಬ ಅರ್ಥ ಬರುತ್ತದೆ. ಹೊಲಿಗೆಯ ಅಂಗುಸ್ತಾನದಷ್ಟೇ ಪುಟ್ಟ ಬಕೆಟ್ಟನ್ನು ಸಣ್ಣ ಸರಪಳಿಯಿಂದ ಎಳೆದು ಬಟ್ಟಲಿನ ನೀರು ಕುಡಿಯುವುದನ್ನು ಅದಕ್ಕೆ ಕಲಿಸುತ್ತಿದ್ದರು. ಮನೆಯವರಿಗೂ ಬಂದ ನೆಂಟರಿಗೂ ಅದೊಂದು ತಮಾಷೆ. ಅಂದರೆ ಫ್ಯಾಬ್ರಿಷಿಯಸ್ ಬರೆದದ್ದು ಆಕಾಶದಿಂದ ಹಿಡಿದು ತಂದ ಯಾವುದೋ ದಿವ್ಯಾತ್ಮವನ್ನಲ್ಲ. ಆ ಕಾಲದ ಡಚ್ ಮನೆಗಳಲ್ಲಿ ಕಾಣಸಿಗುತ್ತಿದ್ದ, ಆಟ ಕಲಿಸಿದ ಸಾಕುಹಕ್ಕಿಯನ್ನು.

ಇಲ್ಲಿ ಒಂದು ಆಕ್ಷೇಪ ಬರುತ್ತದೆಂದು ಗೊತ್ತು. ಯುರೋಪಿನ ಕ್ರೈಸ್ತ ಚಿತ್ರಕಲೆಯಲ್ಲಿ ಈ ಹಕ್ಕಿಗೆ ಹಳೆಯ ಸಾಂಕೇತಿಕ ಅರ್ಥವಿದೆ. ಅದು ಮುಳ್ಳುಗಿಡದ ಬೀಜ ತಿನ್ನುವ ಹಕ್ಕಿ, ಮುಖದ ಮೇಲೆ ಕೆಂಪು ಇದೆ. ಆದ್ದರಿಂದ ಯೇಸುವಿನ ಮುಳ್ಳಿನ ಕಿರೀಟಕ್ಕೂ ರಕ್ತಕ್ಕೂ ಅದನ್ನು ಜೋಡಿಸಿದರು. ಹದಿನಾರನೆಯ ಶತಮಾನದ ಆರಂಭದಲ್ಲಿ ರಾಫೆಲ್ ಬರೆದ, ಇಂದು ಫ್ಲಾರೆನ್ಸಿನಲ್ಲಿರುವ ಮಾತೆ ಮೇರಿಯ ಚಿತ್ರದಲ್ಲಿ ಈ ಹಕ್ಕಿ ಮಕ್ಕಳ ಕೈಯಲ್ಲಿದೆ. ಹರ್ಬರ್ಟ್ ಫ್ರೀಡ್‌ಮನ್ ಎಂಬ ಪಕ್ಷಿಶಾಸ್ತ್ರಜ್ಞ 1946ರಲ್ಲಿ ಇದರ ಮೇಲೆಯೇ ಒಂದು ದೊಡ್ಡ ಗ್ರಂಥ ಬರೆದು, ಈ ಹಕ್ಕಿ ಇರುವ ನೂರಾರು ಭಕ್ತಿಚಿತ್ರಗಳನ್ನು ಪಟ್ಟಿ ಮಾಡಿದ. ಇದೆಲ್ಲ ಸತ್ಯ. ಆದರೆ ರಾಫೆಲನ ಚಿತ್ರದಲ್ಲಿ ಹಕ್ಕಿಯ ಜೊತೆಗೆ ತಾಯಿ ಇದ್ದಾಳೆ, ಮಗು ಇದೆ. ಸಂಕೇತ ಓದುವುದಕ್ಕೆ ಬೇಕಾದ ವಾಕ್ಯ ಅಲ್ಲಿ ಪೂರ್ತಿಯಾಗಿದೆ. ಫ್ಯಾಬ್ರಿಷಿಯಸ್ ಆ ವಾಕ್ಯದಿಂದ ಒಂದು ಪದವನ್ನಷ್ಟೇ ಎತ್ತಿಕೊಂಡು ಖಾಲಿ ಗೋಡೆಯ ಮೇಲಿಟ್ಟಿದ್ದಾನೆ. ಆ ಪದಕ್ಕೆ ಹಳೆಯ ಅರ್ಥವನ್ನೇ ಹೊರಿಸಲೇಬೇಕೆಂಬ ಹಟ ನಮ್ಮದೇ ಹೊರತು ಅವನದಲ್ಲ.

ಈ ಹಟದ ರುಚಿ ನಮಗೆ ಚಿಕ್ಕಂದಿನಲ್ಲೇ ಹತ್ತಿತ್ತು. ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಅನಂತರ ಕನ್ನಡ ಶಾಲೆಗೆ ಬಂದವರು. ಉರ್ದು ಕಾವ್ಯದಲ್ಲಿ ಬುಲ್‌ಬುಲ್ ಎಂದರೆ ಪ್ರೇಮಿ, ಗುಲಾಬಿ ಎಂದರೆ ಪ್ರಿಯೆ, ಕಫಸ್ ಎಂದರೆ ಪಂಜರ, ಸಯ್ಯಾದ್ ಎಂದರೆ ಬೇಟೆಗಾರ. ಇವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಿದ್ದರು. ನಮ್ಮ ಹಿತ್ತಲಿನ ಪರಂಗಿ ಹಣ್ಣನ್ನು ಕುಕ್ಕಿ ತಿನ್ನುತ್ತಿದ್ದ ಜುಟ್ಟಿನ ಬುಲ್‌ಬುಲ್ ಯಾವ ಗುಲಾಬಿಗೂ ಅತ್ತದ್ದನ್ನು ನಾವು ಕಾಣಲಿಲ್ಲ. ಫಾರ್ಸಿ ಕವಿಗಳ ಬುಲ್‌ಬುಲ್ ಬೇರೆಯೇ ಹಕ್ಕಿ, ನಮ್ಮ ನಾಡಿನ ಬುಲ್‌ಬುಲ್ ಬೇರೆಯೇ ಹಕ್ಕಿ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕನ್ನಡ ಶಾಲೆಗೆ ಬಂದರೆ ಅಲ್ಲಿ ಪಂಜರದ ಗಿಳಿ ಎಂದರೆ ದೇಹದೊಳಗಿನ ಜೀವ. ಭಾಷೆ ಬದಲಾಯಿತು, ಮಗ್ಗಿ ಬದಲಾಗಲಿಲ್ಲ. ಮುಂದೆ ನಾವೇ ಕಥೆ ಬರೆಯತೊಡಗಿದ ಮೇಲೆ ಒಂದು ಕಥೆಯ ಕಂದೀಲಿಗೆ ‘ಅಜ್ಞಾನದ ಕತ್ತಲೆ ಕಳೆಯುವ ಶಿಕ್ಷಣದ ಪ್ರತೀಕ’ ಎಂದು ಯಾರೋ ಅರ್ಥ ಬರೆದರು. ನಾವು ಆ ಕಂದೀಲನ್ನು ಇಟ್ಟದ್ದು ಅಂದು ಊರಿನಲ್ಲಿ ಕರೆಂಟು ಹೋಗಿತ್ತು ಎಂಬ ಕಾರಣಕ್ಕೆ. ಕತ್ತಲಲ್ಲಿ ಆ ಮುದುಕಿ ಬೇರೆ ಹೇಗೆ ಬಾಗಿಲು ತೆರೆಯಬೇಕಿತ್ತು?

ಹಾಗಾದರೆ ಕಾದಂಬರಿಯಲ್ಲಿ ಚಿತ್ರಕ್ಕೆ ಅರ್ಥವೇ ಇಲ್ಲವೇ? ಇದೆ. ಆದರೆ ‘ಇದು ಎಂದರೆ ಅದು’ ಎಂಬ ಪಟ್ಟಿಯಲ್ಲಿ ಇಲ್ಲ. ಚಿತ್ರವನ್ನು ಮೊದಲು ಚಿತ್ರವಾಗಿ ನೋಡಿ. ಆಮೇಲೆ ಕಾದಂಬರಿಯ ಜನ ಆ ಚಿತ್ರದೆದುರು ಎಲ್ಲಿ ನಿಂತಿದ್ದಾರೆ ಎಂದು ಕೇಳಿ. ಹಕ್ಕಿ ಯಾರು ಎಂಬ ಪ್ರಶ್ನೆ ಎಲ್ಲರಿಗೂ ಹೊಳೆಯುತ್ತದೆ. ಆ ಪೆಟ್ಟಿಗೆಯನ್ನು ಗೋಡೆಗೆ ಬಡಿದವರು ಯಾರು? ಸರಪಳಿಯ ಬಳೆ ತೊಡಿಸಿದ ಕೈ ಯಾರದು? ಆ ಕೈ ಚಿತ್ರದಲ್ಲಿ ಕಾಣುವುದಿಲ್ಲ. ಹಕ್ಕಿ ತಲೆ ತಿರುಗಿಸಿ ನೋಡುತ್ತಿರುವುದು ಚಿತ್ರದ ಹೊರಗೆ, ನಾವು ನಿಂತಿರುವ ಕಡೆಗೆ. ಸಾಕಿದವನು ನಿಲ್ಲುವ ಜಾಗವೂ ಅದೇ.

ಈಗ ಕಾದಂಬರಿಯಲ್ಲಿ ಆ ಜಾಗದಲ್ಲಿ ಯಾರಿದ್ದಾರೆ ನೋಡಿ. ಲೋಕದ ಜನರೆಲ್ಲ ನೋಡಬಹುದಾದ ಹಕ್ಕಿಯನ್ನು ದಿಂಬಿನ ಚೀಲದಲ್ಲಿ ಸುತ್ತಿ, ಟೇಪು ಬಿಗಿದು, ಲಾಸ್ ವೇಗಾಸಿನ ಮನೆಯಲ್ಲಿ ಮಂಚದ ತಲೆಹಲಗೆಯ ಹಿಂದೆ ಅಂಟಿಸಿಟ್ಟವನು ಥಿಯೋ. ಆಮೇಲೆ ಬಾಡಿಗೆಯ ಉಗ್ರಾಣದ ಕತ್ತಲಿಗೆ ಹಾಕಿ ಬೀಗ ಜಡಿದವನೂ ಥಿಯೋ. ಹುಡುಗ ಹಕ್ಕಿಯಲ್ಲ. ಹುಡುಗ ಹಕ್ಕಿಯನ್ನು ಕಟ್ಟಿಹಾಕಿದವನು. ಫ್ಯಾಬ್ರಿಷಿಯಸನ ಹಕ್ಕಿಗೆ ಕಾಲಿಗಷ್ಟೇ ಸರಪಳಿ, ಮುಖಕ್ಕೆ ಬೆಳಕಿತ್ತು. ಥಿಯೋ ಆ ಬೆಳಕನ್ನೂ ಕಸಿದುಕೊಂಡ. ಮೊದಲಿಗೆ ಅವನು ಮಗು, ಗಾಬರಿಯಲ್ಲಿದ್ದ, ಸಾಯುವವನ ಮಾತು ಕೇಳಿದ. ಅದಕ್ಕಾಗಿ ಅವನನ್ನು ಯಾರೂ ಹಳಿಯಬೇಕಾಗಿಲ್ಲ. ಆದರೆ ದಿನಗಳು ವರ್ಷಗಳಾಗುತ್ತವೆ, ಮಗು ಮಗುವಾಗಿ ಉಳಿಯುವುದಿಲ್ಲ. ಹದಿಮೂರರಲ್ಲಿ ದಿಕ್ಕೆಟ್ಟು ಮಾಡಿದ್ದು ಇಪ್ಪತ್ತು ದಾಟಿದ ಮೇಲೆ ಉದ್ದೇಶವಾಗುತ್ತದೆ. ಬೆಳೆಯುವ ಕಥೆ ಎಂದರೆ ಇದೇ ಅಲ್ಲವೇ? ‘ನನಗೆ ಹೀಗಾಯಿತು’ ಎಂಬಲ್ಲಿಂದ ‘ನಾನು ಹೀಗೆ ಮಾಡಿದೆ’ ಎಂಬಲ್ಲಿಗೆ ಬರುವ ದಾರಿ. ಹುಡುಗನನ್ನು ಹಕ್ಕಿ ಎಂದು ಕರೆದ ಕ್ಷಣ ಆ ದಾರಿಯನ್ನೇ ಮುಚ್ಚಿದಂತಾಯಿತು. ಹಕ್ಕಿಗೆ ಹೊಣೆಯಿಲ್ಲ.

ಇನ್ನು ‘ಚಿತ್ರ ಎಂದರೆ ತಾಯಿ’ ಎಂಬ ಮಾತು. ಇದನ್ನು ಹೇಳುವ ವಿಮರ್ಶಕ ತಾನು ಹೊಸದೇನೋ ಕಂಡುಹಿಡಿದೆ ಎಂದು ತಿಳಿಯುತ್ತಾನೆ. ಅವನಿಗಿಂತ ಮೊದಲೇ ಅದನ್ನು ಕಂಡುಹಿಡಿದವನು ಥಿಯೋ. ಈ ಕಾದಂಬರಿಯ ಮೊದಲ ಪ್ರತೀಕಬೇಟೆಗಾರ ಅವನೇ. ತಾಯಿ ಕೊನೆಗೆ ನೋಡಿ ಮೆಚ್ಚಿದ ಹಲಗೆಯನ್ನು ಅವನು ತಾಯಿಯನ್ನಾಗಿ ಮಾಡಿಕೊಂಡ. ಅದು ಕೈಬಿಟ್ಟರೆ ತಾಯಿ ಎರಡನೆಯ ಸಲ ಸಾಯುತ್ತಾಳೆ ಎಂದು ನಂಬಿದ. ಅದಕ್ಕಾಗಿ ಸುಳ್ಳು ಹೇಳಿದ, ಹೆದರಿದ, ನಿದ್ದೆಗೆಟ್ಟ. ಇದು ದುಃಖದ ಬೇನೆ. ಕಾದಂಬರಿ ಆ ಬೇನೆಯನ್ನು ಏಳುನೂರು ಪುಟ ವಿವರವಾಗಿ ತೋರಿಸುತ್ತದೆ. ವಿಮರ್ಶಕ ಬಂದು ಅದೇ ಬೇನೆಗೆ ‘ಸಾಂಕೇತಿಕತೆ’ ಎಂಬ ಗೌರವದ ಹೆಸರು ಕೊಟ್ಟು ಹೋಗುತ್ತಾನೆ. ರೋಗಿ ಹೇಳಿದ್ದನ್ನೇ ವೈದ್ಯ ಚೀಟಿಯ ಮೇಲೆ ಬರೆದುಕೊಟ್ಟ ಹಾಗೆ.

ಆಮೇಲೆ ಏನಾಗುತ್ತದೆ? ಕಾದಂಬರಿಯ ಅತ್ಯಂತ ಕ್ರೂರವೂ ಅತ್ಯಂತ ಹಾಸ್ಯಾಸ್ಪದವೂ ಆದ ತಿರುವು ಇಲ್ಲಿದೆ. ವರ್ಷಗಟ್ಟಲೆ ಜೀವ ಬಿಗಿಹಿಡಿದು ಕಾದ ಆ ಪೊಟ್ಟಣದಲ್ಲಿ ಚಿತ್ರವೇ ಇರಲಿಲ್ಲ. ಲಾಸ್ ವೇಗಾಸಿನ ದಿನಗಳಲ್ಲೇ ಜೀವದ ಗೆಳೆಯ ಬೋರಿಸ್ ಅದನ್ನು ಕದ್ದು, ಆ ಜಾಗದಲ್ಲಿ ಶಾಲೆಯ ಪೌರನೀತಿ ಪಠ್ಯಪುಸ್ತಕವನ್ನಿಟ್ಟು ಸುತ್ತಿದ್ದ. ಚಿತ್ರ ಅಷ್ಟೂ ಕಾಲ ಕಳ್ಳದಂಧೆಯವರ ನಡುವೆ ಅಡವಿನ ವಸ್ತುವಾಗಿ ಸುತ್ತುತ್ತಿತ್ತು. ಥಿಯೋ ಪೊಟ್ಟಣ ಬಿಚ್ಚಿ ನೋಡಿದ್ದರೆ ತಿಳಿಯುತ್ತಿತ್ತು. ಬಿಚ್ಚಲಿಲ್ಲ. ಪ್ರತೀಕ ಸಿಕ್ಕಿದವನಿಗೆ ವಸ್ತುವನ್ನು ನೋಡುವ ಅಗತ್ಯ ಉಳಿಯುವುದಿಲ್ಲ. ಗೋಷ್ಠಿಯಲ್ಲಿ ತಲೆ ಎತ್ತದೆ ಬರೆದುಕೊಂಡ ಆ ಮಕ್ಕಳ ಪುಸ್ತಕಗಳಲ್ಲಿ ಇರುವುದೂ ಅಂಥದ್ದೇ ಪೊಟ್ಟಣ. ಮೇಲೆ ‘ಗೋಲ್ಡ್‌ಫಿಂಚ್’ ಎಂದು ಚೀಟಿ, ಒಳಗೆ ಪಠ್ಯಪುಸ್ತಕ. ಕಾದಂಬರಿಯ ಮೊದಲ ಅಮೆರಿಕನ್ ಆವೃತ್ತಿಯ ಹೊದಿಕೆ ಬರೆದ ಕಲಾವಿದರು ಇದನ್ನು ವಿಮರ್ಶಕರಿಗಿಂತ ಚೆನ್ನಾಗಿ ಅರಿತಿದ್ದರೆಂದು ನಮಗೆ ತೋರುತ್ತದೆ. ಅಲ್ಲಿ ಹಕ್ಕಿಗಿಂತ ಹೆಚ್ಚು ಜಾಗ ಪೊಟ್ಟಣದ ಕಾಗದಕ್ಕೇ ಸಿಕ್ಕಿದೆ. ಕಾಗದ ಹರಿದ ಕಿಂಡಿಯಲ್ಲಿ ಹಕ್ಕಿ ಇಷ್ಟೇ ಇಷ್ಟು ಕಾಣುತ್ತದೆ.

‘ಹುಡುಗನೇ ಹಕ್ಕಿ ಎಂದು ಕಾದಂಬರಿಯೇ ಹೇಳುತ್ತದಲ್ಲ’ ಎಂದು ಅಂದು ಒಬ್ಬರು ಎದ್ದು ಕೇಳಿದರು. ನ್ಯಾಯವಾದ ಪ್ರಶ್ನೆ. ಕೊನೆಯ ಪುಟಗಳಲ್ಲಿ ಥಿಯೋ ಆ ಹಕ್ಕಿಯ ಧೈರ್ಯದ ಬಗ್ಗೆ, ಬಂಧನದಲ್ಲೂ ಬಾಗದ ಅದರ ಘನತೆಯ ಬಗ್ಗೆ ಉದ್ದಕ್ಕೆ ಮಾತಾಡುತ್ತಾನೆ. ಆ ಮಾತಿನಲ್ಲಿ ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ಆದರೆ ಹೇಳುತ್ತಿರುವವನು ಯಾರು? ವರ್ಷಗಳ ಕಾಲ ಹೊಸ ಮರಕ್ಕೆ ಹಳೆಯ ಚೀಟಿ ಅಂಟಿಸಿ ಮಾರಿದವನು. ಕಥೆ ಹೇಳುವ ಪಾತ್ರದ ಮಾತನ್ನೆಲ್ಲ ಕಾದಂಬರಿಯ ಮಾತೆಂದು ಸ್ವೀಕರಿಸುವುದು ಅಂಗಡಿಯವನ ರಸೀದಿಯನ್ನೇ ವಸ್ತುವಿನ ವಯಸ್ಸಿಗೆ ಸಾಕ್ಷಿಯೆಂದು ತಿಳಿದಂತೆ. ಇಲ್ಲಿಯೇ ಚಿತ್ರ ನಮಗೆ ಸಹಾಯಕ್ಕೆ ಬರುವುದು. ಚಿತ್ರ ಕಾದಂಬರಿಯ ಮಾತಿಗೆ ತಲೆಯಾಡಿಸುವ ಸಾಕ್ಷಿಯಲ್ಲ. ಅದು ಪಾಟೀಸವಾಲಿಗೆ ಕರೆಯಬೇಕಾದ ಸಾಕ್ಷಿ. ಹುಡುಗ ಹೇಳುವುದಕ್ಕೂ ಹಲಗೆಯ ಮೇಲಿರುವುದಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ನಿಂತು ನೋಡಬೇಕು.

ಎರಡು ಕಡೆ ತಾಳೆಯಾಗುವುದಿಲ್ಲ. ಮೊದಲನೆಯದು ಪೆಟ್ಟಿಗೆ. ಎಲ್ಲರೂ ಸರಪಳಿಯನ್ನು ನೋಡುತ್ತಾರೆ. ಆದರೆ ಸರಪಳಿ ಕೂದಲೆಳೆಯಷ್ಟು ಸಣ್ಣದು. ಹಕ್ಕಿಯನ್ನು ಬಿಟ್ಟರೆ ಚಿತ್ರದಲ್ಲಿ ಢಾಳಾಗಿ ಕಾಣುವುದು ಹಕ್ಕಿಯ ಬೆನ್ನ ಹಿಂದಿರುವ, ಬೂದುನೀಲಿ ಬಣ್ಣದ, ಮುಚ್ಚಳವಿರುವ ಪೆಟ್ಟಿಗೆ. ಅದು ಕಾಳಿನ ಪೆಟ್ಟಿಗೆ. ಅದರ ಸುತ್ತ ಬಾಗಿದ ಬಳೆಯ ಮೇಲೆ ಹಕ್ಕಿ ಕೂತಿದೆ. ಹುಡುಗನೇ ಹಕ್ಕಿ ಎಂದು ಹಟ ಹಿಡಿಯುವವರಾದರೂ ಈ ಪೆಟ್ಟಿಗೆಗೆ ಲೆಕ್ಕ ಕೊಡಬೇಕಲ್ಲ? ಥಿಯೋನ ಕಥೆಯ ತುಂಬ ಅವನಿಗೆ ಅನ್ನವಿಟ್ಟವರು ಇದ್ದಾರೆ. ಬಾರ್ಬರ್ ಮನೆಯವರು ಕೋಣೆ ಕೊಟ್ಟರು. ಮರಳುಗಾಡಿನ ಊರಿನಲ್ಲಿ ತಂದೆ ಕಡೆಗಣಿಸಿದಾಗ ಬೋರಿಸ್ ಅಂಗಡಿಯಿಂದ ಕದ್ದು ತಂದಾದರೂ ಇಬ್ಬರ ಹೊಟ್ಟೆ ತುಂಬಿಸಿದ. ಜ್ವರ ಹಿಡಿದು, ಒಂದು ಪುಟ್ಟ ನಾಯಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದು ಬಾಗಿಲು ತಟ್ಟಿದವನನ್ನು ಹೋಬಿ ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಕರೆದುಕೊಂಡ. ಸರಪಳಿಯ ಬಗ್ಗೆ ಪುಟಗಟ್ಟಲೆ ಮಾತಾಡುವ ಹುಡುಗ ಈ ಕಾಳಿನ ಪೆಟ್ಟಿಗೆಯ ಬಗ್ಗೆ ಎಷ್ಟು ಮಾತಾಡಿದ? ವಿಮರ್ಶಕರು ಎಷ್ಟು ಮಾತಾಡಿದರು? ಸರಪಳಿಗೆ ಅಳುವುದು ಸುಲಭ. ಕಾಳಿಗೆ ಋಣಿಯಾಗುವುದು ಕಷ್ಟ.

ಎರಡನೆಯದು ಬಣ್ಣ. ದೂರದಿಂದ ನೋಡಿದರೆ ಅದು ಜೀವಂತ ಹಕ್ಕಿ. ಗೋಡೆಯೂ ನಿಜವಾದ ಗೋಡೆಯೇ ಎನಿಸುವಂತೆ ಕಣ್ಣಿಗೆ ಮೋಸ ಮಾಡುವ ಚಿತ್ರ. ಹತ್ತಿರ ಹೋದರೆ ಮೋಸವಿಲ್ಲ. ಒರಟು ಕುಂಚದ ಗೀರುಗಳು ಹಾಗೇ ಕಾಣುತ್ತವೆ. ರೆಕ್ಕೆಯ ಹಳದಿ ಪಟ್ಟಿಯಲ್ಲಿ ಹಸಿ ಬಣ್ಣವನ್ನು ಕುಂಚದ ಹಿಡಿಯಿಂದ ಕೆರೆದ ಗುರುತು ಇಂದಿಗೂ ಇದೆ. ಫ್ಯಾಬ್ರಿಷಿಯಸ್ ಮೋಸವನ್ನೂ ಮಾಡುತ್ತಾನೆ, ಮಾಡಿದ ಬಗೆಯನ್ನೂ ಮುಚ್ಚಿಡುವುದಿಲ್ಲ. ಇದು ಪ್ರಾಮಾಣಿಕನ ಮೋಸ. ಥಿಯೋನ ಪೀಠೋಪಕರಣದ ವ್ಯಾಪಾರ ಇದಕ್ಕೆ ತಿರುಗುಮುರುಗು. ಅಲ್ಲಿ ಬೆಸುಗೆ ಕಾಣಬಾರದು, ಕಂಡರೆ ಬೆಲೆ ಬೀಳುತ್ತದೆ. ಹೋಬಿ ಮುರಿದ ಕುರ್ಚಿಯನ್ನು ಪ್ರೀತಿಯಿಂದ ಕೂಡಿಸುತ್ತಿದ್ದ. ಅದನ್ನೇ ಥಿಯೋ ಸುಳ್ಳಿನಿಂದ ಮಾರುತ್ತಿದ್ದ. ಕೈ ಒಂದೇ ಕೆಲಸ ಮಾಡಿದರೂ ಚೀಟಿ ಬದಲಾದರೆ ಅಪರಾಧ. ಈ ಕಾದಂಬರಿಗೆ ಆ ಚಿತ್ರ ಏಕೆ ಬೇಕಿತ್ತು, ಬೇರೆ ಯಾವುದೇ ಚೆಲುವಾದ ಚಿತ್ರ ಏಕೆ ಆಗುತ್ತಿರಲಿಲ್ಲ ಎಂಬುದಕ್ಕೆ ಉತ್ತರ ಸರಪಳಿಗಿಂತ ಹೆಚ್ಚಾಗಿ ಈ ಕುಂಚದ ಗೀರುಗಳಲ್ಲಿದೆ ಎಂದು ನಾವು ನಂಬುತ್ತೇವೆ.

ಸ್ಫೋಟದ ಬಗ್ಗೆಯೂ ಒಂದು ಮಾತು. ಚಿತ್ರಕಾರ ಸ್ಫೋಟದಲ್ಲಿ ಸತ್ತ, ತಾಯಿಯೂ ಸ್ಫೋಟದಲ್ಲಿ ಸತ್ತಳು, ಚಿತ್ರ ಮಾತ್ರ ಉಳಿಯಿತು. ಈ ಹೊಂದಿಕೆಯನ್ನು ಲೇಖಕಿ ಬೇಕೆಂದೇ ಕಟ್ಟಿದ್ದಾರೆ, ಅದು ಅವರ ಹಕ್ಕು. ಆದರೆ ‘ಹಕ್ಕಿಯ ಕಣ್ಣಿನಲ್ಲಿ ಚಿತ್ರಕಾರನ ಸಾವಿನ ಮುನ್ಸೂಚನೆ ಇದೆ’ ಎಂಬಂಥ ವ್ಯಾಖ್ಯಾನಗಳನ್ನು ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಹಳದಿ ಬಣ್ಣ ಕೆರೆಯುತ್ತಿದ್ದವನಿಗೆ ಮದ್ದಿನ ಉಗ್ರಾಣದ ಕಿಡಿ ಗೊತ್ತಿರಲಿಲ್ಲ. ಸತ್ತವರ ಬದುಕಿನ ಪ್ರತಿ ಕ್ಷಣವೂ ಅವರ ಸಾವಿಗೆ ಸಿದ್ಧತೆಯಾಗಿತ್ತು ಎಂದು ಓದುವುದು ಸತ್ತವರಿಗೆ ಮಾಡುವ ಅನ್ಯಾಯ. ಅವರು ಬದುಕುತ್ತಿದ್ದರು, ಅಷ್ಟೆ. ಥಿಯೋನ ತಾಯಿಯೂ ಅಂದು ಸಾಯಲು ಹೋದವಳಲ್ಲ, ಚಿತ್ರ ನೋಡಲು ಹೋದವಳು.

ಕೊನೆಗೆ ಚಿತ್ರ ಮರಳಿ ಸಿಗುತ್ತದೆ. ಥಿಯೋ ಅದನ್ನು ಮರಳಿಸಿದನೇ? ಇಲ್ಲ. ಅವನು ಆಮ್‌ಸ್ಟರ್‌ಡ್ಯಾಮಿನ ಹೋಟೆಲಿನಲ್ಲಿ ಜ್ವರದಲ್ಲಿ ಬಿದ್ದು ಸಾಯುವ ಯೋಚನೆಯಲ್ಲಿದ್ದಾಗ ಕದ್ದ ಬೋರಿಸನೇ ಪೊಲೀಸರಿಗೆ ಸುಳಿವು ಕೊಡಿಸಿ ಚಿತ್ರವನ್ನು ಬಿಡಿಸುತ್ತಾನೆ, ಬಹುಮಾನದ ಹಣವನ್ನೂ ತರುತ್ತಾನೆ. ಹಕ್ಕಿಯನ್ನು ಬೆಳಕಿಗೆ ಬಿಟ್ಟ ಪುಣ್ಯ ನಮ್ಮ ನಾಯಕನಿಗೆ ದಕ್ಕುವುದೇ ಇಲ್ಲ. ಹಾಗಾದರೆ ಅವನು ಬೆಳೆದದ್ದು ಎಲ್ಲಿ? ನಮ್ಮ ಪ್ರಕಾರ, ಅನಂತರ ಅವನು ಊರೂರು ಅಲೆದು ತಾನು ಮೋಸದಿಂದ ಮಾರಿದ ಒಂದೊಂದು ಕುರ್ಚಿ ಮೇಜನ್ನೂ ಹಣ ಕೊಟ್ಟು ಮರಳಿ ಕೊಳ್ಳುತ್ತ ಹೋಗುವಲ್ಲಿ. ಅದರಲ್ಲಿ ಹಕ್ಕಿಯಿಲ್ಲ, ಸರಪಳಿಯಿಲ್ಲ, ವಿಮರ್ಶಕರಿಗೆ ಬೇಕಾದ ಪ್ರತೀಕವಿಲ್ಲ. ಹಾಗಾಗಿ ಅದರ ಬಗ್ಗೆ ಗೋಷ್ಠಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ತಪ್ಪಿನ ಲೆಕ್ಕ ಹಿಡಿದು ಒಂದೊಂದೇ ಬಾಗಿಲು ತಟ್ಟುವುದು ಕಾವ್ಯಮಯವಲ್ಲದಿರಬಹುದು. ಮನುಷ್ಯ ದೊಡ್ಡವನಾಗುವುದು ಹಾಗೆಯೇ.

ಇದನ್ನೆಲ್ಲ ಇಷ್ಟು ಬಿಸಿಯಾಗಿ ಏಕೆ ಹೇಳುತ್ತಿದ್ದೇವೆ ಎಂದು ಓದುಗರು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ.

ಉರ್ದು ಶಾಲೆಯಲ್ಲಿ ನಮಗೆ ಇಕ್ಬಾಲ್ ಮಕ್ಕಳಿಗಾಗಿ ಬರೆದ ‘ಪರಿಂದೆ ಕೀ ಫರಿಯಾದ್’ ಎಂಬ ಪದ್ಯವಿತ್ತು. ಪಂಜರದ ಹಕ್ಕಿಯೊಂದು ಹಳೆಯ ದಿನಗಳನ್ನು ನೆನೆದು ತನ್ನನ್ನು ಬಿಟ್ಟುಬಿಡೆಂದು ಕೇಳಿಕೊಳ್ಳುವ ಪದ್ಯ. ಮಾಸ್ಟರ್ ಸಾಹೇಬರು ಅದನ್ನು ರಾಗವಾಗಿ ಓದಿಸುತ್ತಿದ್ದರು. ನಾವು ಕಣ್ಣಲ್ಲಿ ನೀರು ತಂದುಕೊಂಡು ಓದುತ್ತಿದ್ದೆವು. ಆ ಹಕ್ಕಿ ನಾವೇ ಎಂದು ತರಗತಿಯ ಪ್ರತಿಯೊಬ್ಬ ಹುಡುಗನಿಗೂ ಅನಿಸುತ್ತಿತ್ತು. ಮನೆಯ ಬೈಗುಳ, ಶಾಲೆಯ ಬೆತ್ತ ಎಲ್ಲವೂ ಪಂಜರದ ಸರಳುಗಳೇ. ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ದಾದಿಮಾ ಸಾಕಿದ ಗಿಳಿ ಪಂಜರದಲ್ಲಿ ತೂಗುತ್ತಿತ್ತು. ಹೆಸರು ಮಿಠ್ಠೂ. ಅದಕ್ಕೆ ಹಸಿಮೆಣಸಿನಕಾಯಿ ತಿನ್ನಿಸುವುದು, ಬಂದವರಿಗೆ ಸಲಾಂ ಹೇಳಿಸುವುದು ನಮ್ಮ ಕೆಲಸ. ಪದ್ಯ ಬಾಯಿಪಾಠ ಬರುತ್ತದೆಯೇ ಎಂದು ದಾದಿಮಾ ಕೇಳಿದಾಗ ನಾವು ಆ ಪಂಜರದ ಕೆಳಗೇ ನಿಂತು ಪೂರ್ತಿ ಒಪ್ಪಿಸಿದ್ದು ನೆನಪಿದೆ. ಅವರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಬ್ಬರಲ್ಲಿ ಒಬ್ಬರಿಗೂ ತಲೆ ಎತ್ತಿ ನೋಡಬೇಕೆನಿಸಲಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ಮಿಠ್ಠೂ ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು. ಪಂಜರದ ಬಾಗಿಲಿಗೆ ಇದ್ದದ್ದು ಬೀಗವಲ್ಲ, ಒಂದು ತಂತಿಯ ಕೊಕ್ಕೆ. ಐದು ವರ್ಷದ ಮಗುವೂ ತೆಗೆಯಬಹುದಾಗಿತ್ತು. ನಮಗೆ ಆಗ ಹತ್ತು ವರ್ಷ.

ಆ ಪದ್ಯದ ತಪ್ಪೇನೂ ಇಲ್ಲ. ಇಕ್ಬಾಲ್ ಆ ಹಕ್ಕಿಯ ಮಾತನ್ನು ಹಿಡಿದಿಟ್ಟವನಿಗೇ ನೇರವಾಗಿ ಹೇಳಿಸಿದ್ದಾರೆ. ತಪ್ಪು ನಮಗೆ ಕಲಿಸಿದ ಓದಿನದು. ಹಕ್ಕಿ ಎಂದರೆ ನೀನು ಎಂದು ಕಲಿಸಿದರು. ಪಂಜರ ಹಿಡಿದವನು ನೀನಿರಬಹುದು ಎಂದು ಯಾರೂ ಕಲಿಸಲಿಲ್ಲ. ತಾನು ಬಂಧಿ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಸುಖವಿದೆ. ಹರೆಯದ ಹುಡುಗರಿಗಂತೂ ಅದು ತುಂಬ ಹಿತ. ದೊಡ್ಡವರೂ ಆ ಸುಖವನ್ನು ಬಿಟ್ಟಿಲ್ಲ. ಮನೆಯ ಯಜಮಾನ, ಕಚೇರಿಯ ಅಧಿಕಾರಿ, ಊರಿನ ಮುಖಂಡ, ಕಥೆಗಾರ, ಎಲ್ಲರೂ ತಾವು ಕಾಲಿಗೆ ಸರಪಳಿ ಬಿದ್ದವರು ಎಂದೇ ಮಾತಾಡುತ್ತಾರೆ. ಅವರ ಮನೆಯ ಪಡಸಾಲೆಯಲ್ಲಿ ಏನು ತೂಗುತ್ತಿದೆ ಎಂದು ಅವರೂ ತಲೆ ಎತ್ತಿ ನೋಡುವುದಿಲ್ಲ. ಸಾಹಿತ್ಯದ ಪಾಠ ಈ ಸುಖವನ್ನೇ ಇನ್ನಷ್ಟು ಬೆಳೆಸುವುದಾದರೆ ಆ ಪಾಠ ನಮಗೆ ಬೇಡ.

ಅಂದಿನ ಗೋಷ್ಠಿಯ ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದು, ‘ಸರ್, ಪರೀಕ್ಷೆಯಲ್ಲಿ ಹಕ್ಕಿ ಏನನ್ನು ಸಂಕೇತಿಸುತ್ತದೆ ಎಂದು ಕೇಳಿದರೆ ನಾವು ಏನು ಬರೆಯಬೇಕು?’ ಎಂದಳು. ಸಭೆ ನಕ್ಕಿತು. ನಗುವ ಪ್ರಶ್ನೆಯಲ್ಲ ಅದು, ಅಂಕ ಅವಳಿಗೆ ಬೇಕು. ನಾವು ಅಂದು ಸರಿಯಾದ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇವೆ. ನಿಮ್ಮ ಟಿಪ್ಪಣಿಯಲ್ಲಿ ಇರುವುದನ್ನು ಬರೆದು ಅಂಕ ತೆಗೆದುಕೊಳ್ಳಿ ತಂಗೀ. ಆಮೇಲೆ ಒಂದು ಬಿಡುವಿನ ದಿನ ಆ ಚಿತ್ರವನ್ನು ಎದುರಿಗಿಟ್ಟುಕೊಂಡು ಕೂತು, ಆ ಪೆಟ್ಟಿಗೆಯನ್ನು ಗೋಡೆಗೆ ಬಡಿದವರು ಯಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟರುಗಳಲ್ಲೂ ನಮ್ಮ ಬಿನ್ನಹ ಅಷ್ಟೇ. ಮುಂದಿನ ವರ್ಷವಾದರೂ ಆ ಪ್ರಶ್ನೆಯನ್ನು ಕೇಳಿ.